ಹೀರೆಕಾಯಿಗೆ ಆಧಾರ

"ಸೊನ್ನೆ," ಎಂದರು ವೆಂಕಟಾಚಲ, ಕನ್ನಡಕವನ್ನು ಹಣೆಗೇರಿಸಿಕೊಂಡು. "ಇದರಲ್ಲೂ ಸೊನ್ನೆ. ಬರ್ಕೋ."

ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಹೆಂಡತಿ ಅಮ್ಮಣ್ಣಿ ಅಡುಗೆಮನೆಯ ಹೊಸ್ತಿಲ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಜಯನಗರ ಏಳನೇ ಬ್ಲಾಕಿನ ಆ ಮನೆಯಲ್ಲಿ ಮೂರು ವಾರದಿಂದ ದಿನಕ್ಕೆ ಒಂದೋ ಎರಡೋ ಸೊನ್ನೆ ಬೀಳುತ್ತಲೇ ಇತ್ತು. ವೆಂಕಟಾಚಲ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಮಕ್ಕಳಿಗೆ ಸೊನ್ನೆ ಹಾಕುವಾಗ ಹುಳಿ ಮುಖ ಮಾಡುತ್ತಿದ್ದ ಮನುಷ್ಯ ಈಗ ಕಂಪ್ಯೂಟರು ಕೊಡುವ ಒಂದೊಂದು ಸೊನ್ನೆಗೂ ಹೊಸ ಅಳಿಯನ ಹಾಗೆ ಹಿಗ್ಗುತ್ತಿದ್ದರು.

ವಿಷಯ ಹೀರೆಕಾಯಿಯದು. ಕೇಳಿ ನಗಬೇಡಿ, ಆ ಮನೆಯಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಹನ್ನೊಂದು ವರ್ಷದ ಹಿಂದೆ ವೆಂಕಟಾಚಲನವರ ತಂದೆಯ ಶ್ರಾದ್ಧ ಇದೇ ಮನೆಯಲ್ಲಿ ನಡೆದಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿರುವ ಅಣ್ಣ ಶಾಮಣ್ಣ ಹಿರಿಯ ಮಗ, ಕರ್ತೃ ಅವರೇ. ಬ್ರಾಹ್ಮಣರ ಊಟ ಮುಗಿದು ಮನೆಯವರ ಎಲೆ ಹಾಕಿದರು. ಅಮ್ಮಣ್ಣಿ ಗೋರಿಕಾಯಿ ಸಿಗಲಿಲ್ಲವೆಂದು ಆ ದಿನ ಹೀರೆಕಾಯಿ ಪಲ್ಯ ಮಾಡಿದ್ದರು. ಅವರ ತವರಿನಲ್ಲಿ ಶ್ರಾದ್ಧಕ್ಕೆ ಮಾಡುತ್ತಿದ್ದುದೇ ಅದು. ಪಲ್ಯ ಎಲೆಗೆ ಬಿದ್ದದ್ದೇ ತಡ, ಶಾಮಣ್ಣ ಬಗ್ಗಿ ನೋಡಿದರು, ಮೂಸಿ ನೋಡಿದರು, ಎದ್ದು ನಿಂತರು. ನಿಂತಲ್ಲೇ, ಅಪ್ಪ ಹೇಳುತ್ತಿದ್ದ ಶ್ಲೋಕವನ್ನು ಅಪ್ಪನದೇ ಧಾಟಿಯಲ್ಲಿ ಹೇಳಿದರು.

"ಶ್ರಾದ್ಧಕಾಲೇ ಗೃಹೇ ಯತ್ರ ಕೋಶಾತಕ್ಯಪಿ ಪಚ್ಯತೇ
ನಿರಾಶಾಃ ಪಿತರೋ ಯಾಂತಿ ತದ್ಗೃಹಾನ್ನಾತ್ರ ಸಂಶಯಃ."

ಶ್ರಾದ್ಧದ ಹೊತ್ತಿನಲ್ಲಿ ಯಾವ ಮನೆಯಲ್ಲಿ ಹೀರೆಕಾಯಿ ಬೇಯುತ್ತದೋ ಆ ಮನೆಯಿಂದ ಪಿತೃಗಳು ಆಸೆಗೆಟ್ಟು ಹೊರಟುಹೋಗುತ್ತಾರೆ, ಸಂಶಯವೇ ಇಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಶಾಮಣ್ಣ, "ಅಪ್ಪನ್ನ ಹಸಿದ ಹೊಟ್ಟೇಲಿ ಕಳಿಸಿಬಿಟ್ಯಲ್ಲ ಅಮ್ಮಣ್ಣಿ," ಎಂದು ಎಲೆ ಬಿಟ್ಟು ಹೊರಟರು. ವೆಂಕಟಾಚಲ ಗೇಟಿನವರೆಗೂ ಹಿಂದೆ ಹೋಗಿ, "ಅದು ಯಾವ ಪುಸ್ತಕದಲ್ಲಿದೆ, ಆಧಾರ ತೋರಿಸು," ಎಂದು ಕೂಗಿದರು. ಶಾಮಣ್ಣ ಆಟೋ ಹತ್ತುತ್ತಾ, "ಇಲ್ಲ ಅನ್ನೋದಕ್ಕೆ ನೀನು ಆಧಾರ ತೋರಿಸು. ಆವತ್ತು ಬಂದು ಊಟ ಮಾಡ್ತೀನಿ," ಎಂದರು.

ಅಲ್ಲಿಂದ ಮುಂದೆ ಒಬ್ಬನೇ ತಂದೆಗೆ ಒಂದೇ ತಿಥಿಯಲ್ಲಿ ಎರಡು ಶ್ರಾದ್ಧ. ಪಾಪ, ಆ ಹಿರಿಯ ಜೀವ ಬದುಕಿದ್ದಾಗ ಪೋಸ್ಟ್ ಮಾಸ್ಟರಾಗಿದ್ದು ಒಂದು ಕಡೆ ಕೂತು ಕೆಲಸ ಮಾಡಿದ್ದು. ಸತ್ತ ಮೇಲೆ ಒಂದೇ ಮಧ್ಯಾಹ್ನ ವಿಲ್ಸನ್ ಗಾರ್ಡನ್ನಿನಲ್ಲಿ ಉಂಡು, ಲಾಲ್‌ಬಾಗ್ ಬಳಸಿಕೊಂಡು ಜಯನಗರಕ್ಕೂ ಊಟಕ್ಕೆ ಬರಬೇಕಾಯಿತು. ಪುರೋಹಿತರನ್ನು ಕೇಳಿದರೆ, "ನಿಮ್ಮ ನಿಮ್ಮ ಮನೆ ಪದ್ಧತಿ ಹೇಗೋ ಹಾಗೆ," ಎಂದು ಎರಡೂ ಮನೆಯ ದಕ್ಷಿಣೆ ತೆಗೆದುಕೊಂಡು ಹೋಗುತ್ತಿದ್ದರು.

ಈ ವರ್ಷ ದೀಪಾವಳಿಯ ಮರುದಿನ ಶಾಮಣ್ಣನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ವಿಷಯ ತಿಳಿಸಿದ್ದು ಅವರ ಮಗ ಭಾರ್ಗವ, ಅದೂ ಹದಿನೈದು ದಿನ ಕಳೆದ ಮೇಲೆ. "ಚಿಕ್ಕಪ್ಪ, ನೀವು ಒಂದು ಮಾತು ಕರೀರಿ. ಈ ಸಲ ಒಟ್ಟಿಗೆ ಮಾಡೋಣ," ಎಂದ. ವೆಂಕಟಾಚಲ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಅಣ್ಣ ಬರಬೇಕು, ತನ್ನ ಪಕ್ಕ ಕೂರಬೇಕು, ಅವನು ಹೋಗುವ ಮೊದಲೋ ತಾನು ಹೋಗುವ ಮೊದಲೋ ಒಂದು ಸಲ ಈ ಮನೆಯಲ್ಲಿ ಉಣ್ಣಬೇಕು ಎಂಬುದೊಂದೇ ಅವರ ಆಸೆ. ಬಾಯಿಂದ ಬಂದದ್ದು ಬೇರೆ. "ಕರೀತೀನಿ. ಆ ಶ್ಲೋಕ ಎಲ್ಲೂ ಇಲ್ಲ ಅಂತ ಮೊದಲು ಅವನಿಗೆ ತೋರಿಸ್ತೀನಿ. ಈಗ ಎಲ್ಲಾ ಪುಸ್ತಕಾನೂ ಕಂಪ್ಯೂಟರಲ್ಲೇ ಇದ್ಯಂತೆ."

ಅದಾಗಿ ಮೂರು ವಾರ ಕಳೆದು, ಈಗ ತಿಥಿಗೆ ಎಂಟೇ ದಿನ ಉಳಿದಿತ್ತು. ಸಂಸ್ಕೃತ ಗ್ರಂಥಗಳನ್ನು ಹಾಕಿರುವ ಇಪ್ಪತ್ತೈದು ಮೂವತ್ತು ಜಾಲತಾಣಗಳನ್ನು ವೆಂಕಟಾಚಲ ಪಟ್ಟಿ ಮಾಡಿದ್ದರು. ಒಂದೊಂದರಲ್ಲೂ ಆ ಎರಡು ಸಾಲನ್ನು ಒಂದು ಅಕ್ಷರ ಬಿಡದೆ ಕನ್ನಡದಲ್ಲಿ ಟೈಪ್ ಮಾಡಿ ಗುಂಡಿ ಒತ್ತುವುದು, ಸೊನ್ನೆ ಬಂದ ಪುಟವನ್ನು ಸಂಗಂ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸುವುದು. ಒಂದು ಸಲ ಮಾತ್ರ 'ಶ್ರಾದ್ಧ ಹೀರೆಕಾಯಿ' ಎಂದು ಮಾಮೂಲಿ ಗೂಗಲ್ಲಿನಲ್ಲಿ ಹುಡುಕಿದ್ದಕ್ಕೆ ಹೀರೆಕಾಯಿ ಸಿಪ್ಪೆ ಚಟ್ನಿಯ ಹನ್ನೆರಡು ವಿಡಿಯೋ ಬಂದಿದ್ದವು. ಅದನ್ನು ಅಮ್ಮಣ್ಣಿ ಕೂತು ನೋಡಿದರು.

ಇಪ್ಪತ್ತಾರು ಹಾಳೆಯಾದಾಗ ವೆಂಕಟಾಚಲ ಅದಕ್ಕೆ ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬಂದರು. ಮೇಲೆ ನೀಲಿ ರಟ್ಟು, ಒಳಗೆ ಇಪ್ಪತ್ತಾರು ಪುಟ ಬರೀ 'ಫಲಿತಾಂಶ ಇಲ್ಲ'. ಕೊನೆಯ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಆದುದರಿಂದ ಸಾಧಿಸಲ್ಪಟ್ಟಿತು' ಎಂದು ಬರೆದು ಸಹಿ ಮಾಡಿದರು.

"ಇದನ್ನ ಹಿಡ್ಕೊಂಡು ಹೋಗ್ತೀರಾ ಭಾವನ ಹತ್ರ?" ಎಂದರು ಅಮ್ಮಣ್ಣಿ.

"ಇನ್ನೇನು ಮತ್ತೆ. ಆಧಾರ ಕೇಳಿದ್ದ, ಕೊಡ್ತೀನಿ."

"ಹಾರ್ಟಿಗೆ ಸ್ಟೆಂಟ್ ಹಾಕಿಸ್ಕೊಂಡಿರೋರು ರೀ. ಹಣ್ಣು ತಗೊಂಡು ಹೋಗ್ತಾರೆ ಯಾರಾದ್ರೂ."

ಅಷ್ಟು ಹೊತ್ತಿಗೆ ಮಹಡಿಯ ಬಾಡಿಗೆ ಮನೆಯ ಸಮನ್ವಿತಾ ನೀರಿನ ಮೋಟರು ಹಾಕಲು ಕೆಳಗೆ ಬಂದಳು. ಸಂಸ್ಕೃತದಲ್ಲಿ ಎಂ.ಎ. ಮಾಡಿದವಳು. ಹಳೆಯ ಪುಸ್ತಕಗಳನ್ನು ಯಂತ್ರ ಓದಿ ಅಕ್ಷರ ಮಾಡಿದ ಮೇಲೆ ಅದರ ತಪ್ಪು ತಿದ್ದುವ ಕೆಲಸ ಅವಳದು, ದಿನಕ್ಕೆ ಮೂವತ್ತು ಪುಟ. ಎರಡು ವರ್ಷದಿಂದ ತಲೆಯ ಮೇಲೆಯೇ ವಾಸವಾಗಿದ್ದ ಈ ಹುಡುಗಿಯನ್ನು ಒಂದು ಮಾತು ಕೇಳಬಹುದಿತ್ತೆಂದು ವೆಂಕಟಾಚಲನವರಿಗೆ ಹೊಳೆದಿರಲಿಲ್ಲ. ಬಾಡಿಗೆಯವರ ಹತ್ತಿರ ನೀರು, ಕಸ ಬಿಟ್ಟು ಬೇರೆ ವಿಷಯ ಅವರು ಮಾತಾಡುತ್ತಿರಲಿಲ್ಲ. ನೀಲಿ ಪುಸ್ತಕವನ್ನು ಅಮ್ಮಣ್ಣಿಯೇ ಅವಳ ಕೈಗಿತ್ತರು. ಸಮನ್ವಿತಾ ಮೊದಲ ಪುಟ ನೋಡಿದಳು, ಮಧ್ಯದ್ದು ನೋಡಿದಳು, ತುಟಿ ಕಚ್ಚಿಕೊಂಡಳು.

"ಅಂಕಲ್, ಒಂದು ಕೆಲಸ ಮಾಡಿ. ಇದೇ ಸೈಟಲ್ಲಿ ಬರೀ 'ದೇವ' ಅಂತ ಹುಡುಕಿ. ನೀವು ಶ್ಲೋಕ ಟೈಪ್ ಮಾಡಿದ ಹಾಗೇನೇ."

ವೆಂಕಟಾಚಲ ಟೈಪ್ ಮಾಡಿ ಗುಂಡಿ ಒತ್ತಿದರು. ಫಲಿತಾಂಶ ಇಲ್ಲ.

"ಸಂಸ್ಕೃತದಲ್ಲಿ ದೇವರೇ ಇಲ್ಲ ಅಂತಿದೆ ಅಂಕಲ್," ಎಂದಳು ಸಮನ್ವಿತಾ. "ಈ ಸೈಟುಗಳಲ್ಲೆಲ್ಲ ಪುಸ್ತಕಗಳನ್ನ ಇಂಗ್ಲಿಷ್ ಅಕ್ಷರದಲ್ಲೋ ನಾಗರಿಯಲ್ಲೋ ಹಾಕಿರೋದು. ಕನ್ನಡದಲ್ಲಿ ಏನು ಕೇಳಿದ್ರೂ ಇಲ್ಲ ಅಂತಾನೇ ಹೇಳತ್ತೆ. ಮೊದಲು ಇದೆ ಅಂತ ಗೊತ್ತಿರೋದನ್ನ ಹುಡುಕಿ ನೋಡ್ಬೇಕು. ಅದು ಸಿಕ್ರೆ ಮಾತ್ರ ಮುಂದಿಂದು."

ಅಮ್ಮಣ್ಣಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಸೆರಗನ್ನು ಬಾಯಿಗೆ ಹಿಡಿದುಕೊಂಡರು. ವೆಂಕಟಾಚಲ ನೀಲಿ ಪುಸ್ತಕವನ್ನು ವಾಪಸು ಇಸಿದುಕೊಂಡು ಸೋಫಾದ ದಿಂಬಿನ ಕೆಳಗೆ ತಳ್ಳಿದರು. ಇಪ್ಪತ್ತಾರು ಹಾಳೆಯೂ ದಂಡವಾಗಿತ್ತು. ನಲವತ್ತು ಮಕ್ಕಳ ಮುಂದೆ ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗಲೂ ಅವರಿಗೆ ಇಷ್ಟು ಅವಮಾನವಾಗಿರಲಿಲ್ಲ.

ಸಂಜೆಗೆ ಸಮನ್ವಿತಾ ಲ್ಯಾಪ್‌ಟಾಪ್ ತೆಗೆದುಕೊಂಡು ಕೆಳಗೆ ಬಂದಳು. ಅಮ್ಮಣ್ಣಿ ಅವರೆಕಾಳಿನ ಉಪ್ಪಿಟ್ಟು ಮಾಡಿದ್ದರು. ಹುಡುಗಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಪಾಠ ಶುರು ಮಾಡಿದಳು. ಪೂರ್ತಿ ಶ್ಲೋಕ ಹಾಕಲೇಬಾರದು, ಒಂದೊಂದು ಪ್ರತಿಯಲ್ಲಿ ಪದಗಳು ಒಂದೊಂದು ಥರ ಇರುತ್ತವೆ, ಒಂದಕ್ಷರ ಆಚೀಚೆಯಾದರೂ ಸಿಗುವುದಿಲ್ಲ. ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆದ್ದರಿಂದ ಅಂಟದೇ ಉಳಿದ ತುಂಡನ್ನು ಆರಿಸಿ ಕೇಳಬೇಕು. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ. ಅಪರೂಪದ ಪದ ಮೊದಲು, ಎಲ್ಲೆಲ್ಲೂ ಬರುವ ಪದ ಆಮೇಲೆ.

"ಎಲ್ಲಾ ಕಡೆ ಹುಡುಕಿದ ಮೇಲೂ ಸೊನ್ನೆ ಬಂದ್ರೆ?" ಎಂದರು ವೆಂಕಟಾಚಲ, ಆಸೆಯಿಂದ.

"ನಾವು ಹುಡುಕಿದ ಕಡೆ ಸಿಗ್ಲಿಲ್ಲ ಅಂತ ಅರ್ಥ. ಅಷ್ಟೇ. ಇಲ್ಲವೇ ಇಲ್ಲ ಅಂತಲ್ಲ."

"ಸೊನ್ನೆ ಅಂದ್ರೆ ಸೊನ್ನೆ ಕಣಮ್ಮ."

"ನಿಮ್ಮ ಗಣಿತದಲ್ಲಿ ಅಂಕಲ್. ಇಲ್ಲಿ ಇನ್ನೂ ಎಷ್ಟೋ ಓಲೆಗರಿ ಯಾರೂ ಬಿಚ್ಚೇ ನೋಡಿಲ್ಲ."

ಅಂದರೆ ಅಣ್ಣ ಗೇಟಿನಲ್ಲಿ ಕೇಳಿದ ಆಧಾರವನ್ನು ಈ ಜನ್ಮದಲ್ಲಿ ಕೊಡಲು ಸಾಧ್ಯವಿಲ್ಲ. ವೆಂಕಟಾಚಲನವರ ಮುಖ ಸಣ್ಣದಾಯಿತು. ಅಮ್ಮಣ್ಣಿ ಅದನ್ನು ನೋಡಿ ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು.

ಅಪರೂಪದ ಪದವೆಂದರೆ ಹೀರೆಕಾಯಿಯೇ. ಸಮನ್ವಿತಾ 'ಕೋಶಾತಕೀ' ಎಂದು ಕೇಳಿದಳು. ಇನ್ನೂರು ಚಿಲ್ಲರೆ ಕಡೆ ಸಿಕ್ಕಿತು. ವೆಂಕಟಾಚಲ ಕುರ್ಚಿಯ ತುದಿಗೆ ಬಂದರು. ಅವಳು ಒಂದೊಂದಾಗಿ ತೆಗೆದು ಓದುತ್ತಾ ಹೋದಳು. ಎಲ್ಲವೂ ವೈದ್ಯಗ್ರಂಥ. ಕಫಕ್ಕೆ ಒಳ್ಳೆಯದು, ಕಾಮಾಲೆಗೆ ಒಳ್ಳೆಯದು, ವಿಷಕ್ಕೆ ಒಳ್ಳೆಯದು. ಕಹಿ ಜಾತಿಯದನ್ನು ಕುದಿಸಿ ಕುಡಿಸಿದರೆ ಹೊಟ್ಟೆಯಲ್ಲಿರುವುದೆಲ್ಲ ವಾಂತಿಯಾಗುತ್ತದೆ.

"ವಾಂತಿ ಮಾಡ್ಸಕ್ಕೆ ಔಷಧಿ ಅಂತಾನಾ?" ಎಂದರು ಅಮ್ಮಣ್ಣಿ. "ಇದನ್ನ ಮಾತ್ರ ನಿಮ್ಮಣ್ಣನಿಗೆ ಹೇಳ್ಬೇಡಿ."

ಶ್ರಾದ್ಧದ ಮಾತು ಎಲ್ಲೂ ಇರಲಿಲ್ಲ. ಸಮನ್ವಿತಾ ಒಂದು ಗಳಿಗೆ ಯೋಚಿಸಿ, "ಈಗ ಹೀರೆಕಾಯಿ ತೆಗೆದುಬಿಡೋಣ," ಎಂದಳು.

"ತೆಗೆದುಬಿಟ್ರೆ ಇನ್ನೇನು ಉಳಿಯತ್ತೆ? ಜಗಳ ಇರೋದೇ ಹೀರೆಕಾಯಿದು."

"ಹುಡುಕೋ ವಸ್ತೂನ ಬಿಟ್ಟು ಅದರ ಅಕ್ಕಪಕ್ಕ ಏನಿದೆ ಅದನ್ನ ಹುಡುಕ್ಬೇಕು ಅಂಕಲ್. ನಮ್ಮ ಆಫೀಸಲ್ಲಿ ಹುಳ ತಿಂದ ಪುಟ ಬಂದಾಗ ನಾವು ಹಾಗೇ ಮಾಡೋದು. ತೂತಿನ ಪಕ್ಕದ ಪದ ಕೇಳ್ತೀವಿ."

ಅವಳು ಎರಡನೆಯ ಸಾಲಿನ ಮೊದಲ ಮೂರು ಪದ ಹಾಕಿದಳು. ಆಸೆಗೆಟ್ಟು ಪಿತೃಗಳು ಹೋಗುತ್ತಾರೆ. ನಲವತ್ತೊಂದು ಕಡೆ ಸಿಕ್ಕಿತು.

ಆಮೇಲಿನ ಅರ್ಧ ಗಂಟೆಯಲ್ಲಿ ಆ ಮನೆಯವರಿಗೆ ಪಿತೃಗಳ ಸ್ವಭಾವ ಚೆನ್ನಾಗಿ ಪರಿಚಯವಾಯಿತು. ಬಾಗಿಲಿಗೆ ಬಂದ ಅತಿಥಿಯನ್ನು ಕಳಿಸಿದರೆ ಹೊರಟುಹೋಗುತ್ತಾರೆ. ಬಡಿಸುವಾಗ ಮಾತಾಡಿದರೆ ಹೊರಟುಹೋಗುತ್ತಾರೆ. ಅನ್ನದಲ್ಲಿ ಕೂದಲು ಸಿಕ್ಕಿದರೆ, ನಾಯಿ ನೋಡಿದರೆ, ಎಳ್ಳು ಮರೆತರೆ, ಕರ್ತೃ ಕಣ್ಣೀರು ಹಾಕಿದರೆ, ಹಾಕದಿದ್ದರೆ. ಸಮನ್ವಿತಾ ಓದುತ್ತಿದ್ದಳು, ಅಪ್ಪನಿಂದ ಅಷ್ಟಿಷ್ಟು ಸಂಸ್ಕೃತ ಕಲಿತಿದ್ದ ವೆಂಕಟಾಚಲ ಅರ್ಥ ಹೇಳುತ್ತಿದ್ದರು, ಅಮ್ಮಣ್ಣಿ ಲೆಕ್ಕ ಇಡುತ್ತಿದ್ದರು.

"ಇಷ್ಟು ಸಿಡುಕರಾದ್ರೆ ಯಾರ ಮನೇಲಿ ಉಂಡಿದಾರೆ ಅವ್ರು," ಎಂದರು ಅಮ್ಮಣ್ಣಿ. "ನಮ್ಮಾವ ಹಾಗಿರ್ಲಿಲ್ಲಪ್ಪ. ಹಾಕಿದ್ದು ಉಣ್ಣೋರು."

ಮೂವತ್ತನಾಲ್ಕನೆಯದನ್ನು ತೆರೆದಾಗ ಸಮನ್ವಿತಾ ಓದಲಿಲ್ಲ. ಪರದೆಯನ್ನು ವೆಂಕಟಾಚಲನವರ ಕಡೆ ತಿರುಗಿಸಿದಳು. ಯಾವುದೋ ಧರ್ಮಶಾಸ್ತ್ರದ ಸಂಗ್ರಹ, ಮೇಲೆ ಕೆಳಗೆ ಊಟದ ನಿಯಮಗಳು, ಮಧ್ಯದಲ್ಲಿ ಎರಡು ಸಾಲು. ಎರಡನೆಯ ಸಾಲು ಅಪ್ಪ ಹೇಳುತ್ತಿದ್ದದ್ದೇ, ಅಕ್ಷರಕ್ಕೆ ಅಕ್ಷರ. ಮೊದಲನೆಯದು ಶುರುವಾಗುವುದೂ ಶ್ರಾದ್ಧಕಾಲದಿಂದಲೇ. ಆಮೇಲೆ ಹೀರೆಕಾಯಿ ಇರಲಿಲ್ಲ.

"ಶ್ರಾದ್ಧಕಾಲೇ ಕಲಿರ್ಯತ್ರ ಭ್ರಾತೄಣಾಂ ಸಂಪ್ರವರ್ತತೇ," ಎಂದು ವೆಂಕಟಾಚಲ ಬಾಯೊಳಗೇ ಓದಿಕೊಂಡರು. ಇನ್ನೊಂದು ಸಲ ಓದಿಕೊಂಡರು.

"ಏನಂತೆ?" ಎಂದರು ಅಮ್ಮಣ್ಣಿ.

"ಶ್ರಾದ್ಧದ ಹೊತ್ತಲ್ಲಿ..." ಎಂದು ಅವರು ನಿಲ್ಲಿಸಿದರು.

"ಹ್ಞೂಂ, ಶ್ರಾದ್ಧದ ಹೊತ್ತಲ್ಲಿ?"

"ಏನೋ ಒಂದು. ಇದು ಬೇರೆ."

"ರೀ, ಪೂರ್ತಿ ಹೇಳಿ."

ವೆಂಕಟಾಚಲ ಸಮನ್ವಿತಾಳ ಮುಖ ನೋಡಿದರು. ಅವಳು ಉಪ್ಪಿಟ್ಟಿನಲ್ಲಿ ಉಳಿದಿದ್ದ ಒಂದೇ ಒಂದು ಅವರೆಕಾಳನ್ನು ಚಮಚದಲ್ಲಿ ತಟ್ಟೆಯ ಸುತ್ತ ಓಡಿಸುತ್ತಿದ್ದಳು.

"ಶ್ರಾದ್ಧದ ಹೊತ್ತಲ್ಲಿ ಎಲ್ಲಿ ಅಣ್ಣತಮ್ಮಂದಿರು ಜಗಳ ಆಡ್ತಾರೋ, ಆ ಮನೆಯಿಂದ ಪಿತೃಗಳು ಆಸೆಗೆಟ್ಟು ಹೋಗ್ತಾರೆ," ಎಂದರು ವೆಂಕಟಾಚಲ. "ಸಂಶಯ ಇಲ್ಲ."

ಸಮನ್ವಿತಾ ಚಮಚ ಕೆಳಗಿಟ್ಟಳು. ಮೆಲ್ಲಗೆ, "ಯಾರೋ ಮೊದಲನೇ ಸಾಲು ಬದಲಾಯಿಸಿದಾರೆ ಅಂಕಲ್. ಛಂದಸ್ಸು ಒಂದಿಷ್ಟೂ ಕೆಟ್ಟಿಲ್ಲ. ಚೆನ್ನಾಗಿ ಸಂಸ್ಕೃತ ಬರೋರೇ ಮಾಡಿರೋದು," ಎಂದಳು. ಯಾರು ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಪೋಸ್ಟ್ ಮಾಸ್ಟರ ಭಾವಚಿತ್ರ ಟೀವಿಯ ಮೇಲ್ಗಡೆ ಗಂಭೀರವಾಗಿ ಕೂತಿತ್ತು.

ಅಮ್ಮಣ್ಣಿ ಮಾತ್ರ ಬೇರೆ ಏನನ್ನೋ ಯೋಚಿಸುತ್ತಿದ್ದರು. ಅವರ ಕಣ್ಣು ತುಂಬಿದ್ದನ್ನು ವೆಂಕಟಾಚಲ ತಡವಾಗಿ ನೋಡಿದರು.

"ಹಾಗಾದ್ರೆ ಮಾವನವರನ್ನ ಹಸಿದು ಕಳಿಸಿದ್ದು ನಾನಲ್ಲ," ಎಂದರು ಅಮ್ಮಣ್ಣಿ. "ನೀವಿಬ್ರು. ಹನ್ನೊಂದು ವರ್ಷ ನಾನು ಪ್ರತಿ ಸಲ ಒಲೆ ಹಚ್ಚುವಾಗ ಅವ್ರ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡಿದೀನಿ. ನಿಮಗೆ ಗೊತ್ತಾ ಅದು?"

ವೆಂಕಟಾಚಲನವರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅವರು ಹೀರೆಕಾಯಿಯ ಪರವಾಗಿ ವಾದ ಮಾಡಿದ್ದರೇ ಹೊರತು ಅದನ್ನು ಬೇಯಿಸಿದವಳನ್ನು ಒಂದು ಮಾತು ಕೇಳಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಎದ್ದು ಹೋಗಿ ಎಲ್ಲರ ತಟ್ಟೆಯನ್ನೂ ತಾವೇ ತೆಗೆದು ಸಿಂಕಿಗೆ ಹಾಕಿದರು. ಆ ಮನೆಯಲ್ಲಿ ಇದು ಮೊದಲ ಸಲವಾದ್ದರಿಂದ ಅಮ್ಮಣ್ಣಿಗೆ ಗಾಬರಿಯೇ ಆಯಿತು.

ಮಾರನೆಯ ದಿನ ಇಬ್ಬರೂ ಆಟೋದಲ್ಲಿ ವಿಲ್ಸನ್ ಗಾರ್ಡನ್ನಿಗೆ ಹೊರಟರು. ಅಮ್ಮಣ್ಣಿಯ ಕೈಯಲ್ಲಿ ಸೇಬು, ಮೋಸಂಬಿ. ವೆಂಕಟಾಚಲನವರ ಜೇಬಿನಲ್ಲಿ ಆ ಎರಡು ಸಾಲು ಬರೆದ ಚೀಟಿ. ದಾರಿಯುದ್ದಕ್ಕೂ ಅವರು ಯೋಚಿಸಿದ್ದು ಒಂದೇ. ಚೀಟಿ ಕೊಟ್ಟರೆ ಅಪ್ಪ ಸುಳ್ಳು ಶ್ಲೋಕ ಕಟ್ಟಿದ ಎಂದು ಹೇಳಿದಂತಾಗುತ್ತದೆ. ಶಾಮಣ್ಣನಿಗೆ ಅಪ್ಪನೆಂದರೆ ದೇವರ ಗೂಡಿನಲ್ಲಿಟ್ಟ ಮನುಷ್ಯ. ಎದೆಯಲ್ಲಿ ಸ್ಟೆಂಟ್ ಬೇರೆ. ಕೊಡದಿದ್ದರೆ ಬರುವುದಿಲ್ಲ. ಡಬಲ್ ರೋಡಿನ ಸಿಗ್ನಲ್ಲಿನಲ್ಲಿ ಅವರು, "ವಾಪಸ್ ಹೋಗೋಣ್ವಾ?" ಎಂದರು. ಅಮ್ಮಣ್ಣಿ ಆಟೋದವನಿಗೆ, "ನೀವು ಮುಂದೆ ಹೋಗಿ," ಎಂದರು.

ಬಾಗಿಲು ತೆಗೆದ ಭಾರ್ಗವ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಒಳಗೆ ಈಸಿಚೇರಿನಲ್ಲಿ ಶಾಮಣ್ಣ ಕೂತಿದ್ದರು. ಬಹಳ ಇಳಿದುಹೋಗಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ತೆಳ್ಳಗೆ ಕಾಣುತ್ತಿತ್ತು. ಇಬ್ಬರನ್ನೂ ನೋಡಿ, ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿ, "ಕೂತ್ಕೊಳಿ," ಎಂದರು. ಹನ್ನೊಂದು ವರ್ಷದ ಮೇಲೆ ಅಣ್ಣತಮ್ಮಂದಿರು ಆಡಿದ ಮೊದಲ ಮಾತುಗಳು ಹೀಗಿದ್ದವು.

"ಶುಗರ್ ಎಷ್ಟಿದೆ?" ಎಂದರು ವೆಂಕಟಾಚಲ.

"ನೂರಾ ಎಂಬತ್ತು. ನಿಂದು?"

"ನೂರಾ ಅರವತ್ತು."

ತನಗೇ ಹೆಚ್ಚೆಂದು ಶಾಮಣ್ಣನಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ವೆಂಕಟಾಚಲ ಜೇಬಿಗೆ ಕೈ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅಮ್ಮಣ್ಣಿಗೆ ತಡೆಯಲಾಗಲಿಲ್ಲ. ಗಂಡನ ಜೇಬಿನಿಂದ ಚೀಟಿಯನ್ನು ತಾವೇ ಎಳೆದು ಭಾವನ ಕೈಗೆ ಕೊಟ್ಟು ಹಿಂದೆ ಸರಿದು ನಿಂತರು.

ಶಾಮಣ್ಣ ಓದಿದರು. ಚೀಟಿಯನ್ನು ಮಡಿಸಿದರು.

"ಗೊತ್ತು," ಎಂದರು.

"ಏನ್ ಗೊತ್ತು?"

"ಇದೇ ಶ್ಲೋಕ. ನಾಲ್ಕು ವರ್ಷದ ಹಿಂದೆ ಬೆಳಗ್ಗೆ ಟೀವಿಯಲ್ಲಿ ಯಾರೋ ಸ್ವಾಮಿಗಳು ಪ್ರವಚನದಲ್ಲಿ ಹೇಳಿದ್ರು. ನಾನು ಕಾಫಿ ಕುಡೀತಾ ಕೂತಿದ್ದೆ. ಎದ್ದು ಟೀವಿ ಆರಿಸಿಬಿಟ್ಟೆ."

"ನಾಲ್ಕು ವರ್ಷದ ಹಿಂದೆ?"

"ಹ್ಞೂಂ. ಅವತ್ತಿಂದ ಆ ಚಾನೆಲ್ ಹಾಕೋದೇ ಬಿಟ್ಟೆ."

"ಗೊತ್ತಾದ್ಮೇಲೆ ಒಂದು ಫೋನ್ ಮಾಡಕ್ಕೇನಾಗಿತ್ತೋ ನಿನಗೆ?" ಎಂದರು ವೆಂಕಟಾಚಲ.

"ಏನಂತ ಮಾಡ್ಲಿ? ಅಪ್ಪ ಹೀಗೆ ಮಾಡಿದ್ರು ಅಂತ ನಾನು ಹೇಳ್ಲಾ? ನೀನು ಮಾಡ್ತೀಯ ಅಂತ ಕಾದೆ. ನಾಲ್ಕು ವರ್ಷ ಕಾದಿದೀನಿ."

ಭಾರ್ಗವ ಒಳಗಿನಿಂದ ನೀರು ತಂದು ಇಟ್ಟ. ಶಾಮಣ್ಣ ಒಂದು ಗುಟುಕು ಕುಡಿದು, ತಮ್ಮನ ಕಡೆ ನೋಡದೆ, ಹಳೆಯ ಕಥೆ ಹೇಳಿದರು. ಆಗ ಅವರಿಗೆ ಎಂಟು ವರ್ಷ, ವೆಂಕಟಾಚಲ ಇನ್ನೂ ತೊಟ್ಟಿಲಿನಲ್ಲಿ. ಯಡಿಯೂರಿನ ವಠಾರದ ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿ ಕಾಯಿ ಬಿಡುವುದೇ ಬಿಡುವುದು. ಅಮ್ಮ ಬೆಳಗ್ಗೆ ಹೀರೆಕಾಯಿ ಪಲ್ಯ, ಸಂಜೆ ಹೀರೆಕಾಯಿ ತೊವ್ವೆ, ಭಾನುವಾರ ಬಜ್ಜಿ, ಸಿಪ್ಪೆಯಲ್ಲಿ ಚಟ್ನಿ. ಅಪ್ಪನಿಗೆ ಹೀರೆಕಾಯಿ ಕಂಡರಾಗದು, ಮುಖದ ಮುಂದೆ ಬೇಡವೆನ್ನುವ ಧೈರ್ಯವೂ ಇಲ್ಲ. ಪೋಸ್ಟಾಫೀಸಿನಲ್ಲಿ ಜೋರು, ಮನೆಯಲ್ಲಿ ಅಮ್ಮನ ಮುಂದೆ ಕೈಕಟ್ಟಿದ ಮನುಷ್ಯ. ತಾತನ ಶ್ರಾದ್ಧದ ಹಿಂದಿನ ದಿನ ಅಮ್ಮ ಬುಟ್ಟಿ ತುಂಬ ಕಾಯಿ ಕಿತ್ತು ತಂದಿಟ್ಟಾಗ ಅಪ್ಪ ಈ ಶ್ಲೋಕ ಹೇಳಿದರು. ಅಮ್ಮ ಕೈ ಒರೆಸಿಕೊಂಡು, "ಹೌದಾ, ನಂಗೆ ಗೊತ್ತೇ ಇರ್ಲಿಲ್ಲ," ಎಂದು ಬುಟ್ಟಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದರು. ಹಿರಿಯರಿಗೆ ಆಗದ್ದು ನಮಗೇಕೆಂದು ಆಮೇಲೆ ಮನೆಗೇ ತರಲಿಲ್ಲ.

"ಅಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ರು," ಎಂದರು ಶಾಮಣ್ಣ. "ಯಾಕೆ ಅಂತ ನಂಗೆ ಗೊತ್ತಾಗಿದ್ದು ನಾಲ್ಕು ವರ್ಷದ ಹಿಂದೆ. ಅಲ್ಲೀವರೆಗೂ ಕಣ್ಣಿಗೆ ಧೂಳು ಬಿದ್ದಿತ್ತೇನೋ ಅಂದ್ಕೊಂಡಿದ್ದೆ."

ವೆಂಕಟಾಚಲ ನಗಲು ಶುರು ಮಾಡಿದರು. ನಗು ನಿಲ್ಲಿಸಲು ಹೋಗಿ ಕೆಮ್ಮು ಬಂತು, ಕೆಮ್ಮುತ್ತಾ ಕಣ್ಣಲ್ಲಿ ನೀರು ಬಂತು. ಶಾಮಣ್ಣ ತಮ್ಮ ನೀರಿನ ಲೋಟವನ್ನೇ ತಮ್ಮನ ಕೈಗೆ ಕೊಟ್ಟರು. ಆಮೇಲೆ ಎದ್ದು, ಈಸಿಚೇರಿನ ತೋಳು ಹಿಡಿದುಕೊಂಡು, ಅಮ್ಮಣ್ಣಿಯ ಹಿಂದಿನ ಗೋಡೆಯನ್ನು ನೋಡುತ್ತಾ ಮಾತಾಡಿದರು.

"ಅವತ್ತು ಎಲೆ ಬಿಟ್ಟು ಎದ್ದಿದ್ದು ನನ್ನ ತಪ್ಪು ಅಮ್ಮಣ್ಣಿ. ನಿನ್ನ ಅಂದಿದ್ದು ಅದಕ್ಕಿಂತ ತಪ್ಪು. ಈ ಸಲ ನಿನ್ನ ಕೈಯಲ್ಲೇ ಅಡುಗೆ ಆಗ್ಲಿ. ತರಕಾರಿ ನಾನು ತರ್ತೀನಿ."

"ನೀವು ಭಾರ ಎತ್ಬಾರ್ದು ಭಾವ," ಎಂದರು ಅಮ್ಮಣ್ಣಿ. ಹಣ್ಣಿನ ಚೀಲ ಇನ್ನೂ ಅವರ ಕೈಯಲ್ಲೇ ಇತ್ತು.

ತಿಥಿಯ ದಿನ ಬೆಳಗ್ಗೆ ಏಳಕ್ಕೇ ಶಾಮಣ್ಣ ಬಂದಿಳಿದರು. ಭಾರ್ಗವನ ಎರಡೂ ಕೈಯಲ್ಲಿ ಚೀಲ, ಒಂದರ ಬಾಯಿಂದ ಹೀರೆಕಾಯಿಗಳು ಉದ್ದಕ್ಕೆ ಹೊರಗೆ ಚಾಚಿದ್ದವು. ಅಮ್ಮಣ್ಣಿ ಒದ್ದೆ ಸೀರೆಯಲ್ಲಿ ಬಂದು ಚೀಲ ಇಸಿದುಕೊಂಡರು. ಪುರೋಹಿತರು ಅಣ್ಣತಮ್ಮಂದಿರನ್ನು ಒಂದೇ ಚಾಪೆಯಲ್ಲಿ ನೋಡಿ, ಒಂದು ಮನೆಯ ದಕ್ಷಿಣೆ ಹೋಯಿತಲ್ಲ ಎಂಬ ವ್ಯಥೆಯನ್ನು ಮುಚ್ಚಿಟ್ಟು, "ಬಹಳ ಸಂತೋಷ," ಎಂದರು. ಹೋಮ ಮುಗಿಯಿತು, ಬ್ರಾಹ್ಮಣರ ಊಟವಾಯಿತು. ಇನ್ನು ಕಾಗೆಗೆ ಇಟ್ಟು, ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ.

ಒಂದೂವರೆಗೆ ಎಲ್ಲರೂ ಮಹಡಿಯ ಮೇಲಿನ ತಾರಸಿಗೆ ಹತ್ತಿದರು. ಶಾಮಣ್ಣ ಪ್ಯಾರಾಪೆಟ್ಟಿನ ಮೇಲೆ ಬಾಳೆಯೆಲೆಯ ತುಂಡು ಹಾಸಿ, ಎಲ್ಲದರಲ್ಲೂ ಒಂದೊಂದು ಚೂರು ಇಟ್ಟರು. ಅನ್ನ, ವಡೆ, ಪಾಯಸ, ರವೆ ಉಂಡೆ, ಹೀರೆಕಾಯಿ ಪಲ್ಯ. ನೀರು ಬಿಟ್ಟು, ಕೈಮುಗಿದು, ಹಿಂದೆ ಸರಿದರು. ಮೊದಲು ಬಂದದ್ದು ಪಾರಿವಾಳ. ಭಾರ್ಗವ ಟವಲು ಬೀಸಿ ಓಡಿಸಿದ. ಮತ್ತೆ ಬಂದದ್ದೂ ಪಾರಿವಾಳ. ಎದುರಿನ ಅಪಾರ್ಟ್‌ಮೆಂಟಿನ ತುದಿಯಲ್ಲಿ ಅವು ಸಾಲಾಗಿ ಕೂತು ಕಾಯುತ್ತಿದ್ದವು. ಬಿಸಿಲು ನೆತ್ತಿಗೆ ಬಂತು. ಶಾಮಣ್ಣನಿಗೆ ಮಾತ್ರೆಯ ಹೊತ್ತು ಮೀರುತ್ತಿತ್ತು. ಸಮನ್ವಿತಾ ತನ್ನ ಮನೆಯಿಂದ ಒಂದು ಪ್ಲಾಸ್ಟಿಕ್ ಸ್ಟೂಲು ತಂದುಕೊಟ್ಟಳು, ಅವರು ಕೂರಲಿಲ್ಲ.

"ಕಾ ಕಾ ಅನ್ನು," ಎಂದರು ಶಾಮಣ್ಣ ತಮ್ಮನಿಗೆ.

"ನೀನೇ ಅನ್ನು. ಕರ್ತೃ ನೀನು."

ಕೊನೆಗೆ ಇಬ್ಬರೂ ಕೂಗಿದರು. ಯಡಿಯೂರು ಕೆರೆಯ ಕಡೆಯಿಂದ ಒಂದು ಕಾಗೆ ಬಂತು. ವಯಸ್ಸಾದ ಕಾಗೆ, ಕತ್ತಿನ ಹತ್ತಿರ ಒಂದೆರಡು ಗರಿ ಉದುರಿದ್ದವು. ಪ್ಯಾರಾಪೆಟ್ಟಿನ ಮೇಲೆ ಇಳಿದು, ಎಲೆಯ ಆಚೆ ಈಚೆ ಎರಡು ಸಲ ನಡೆಯಿತು. ಭಾರ್ಗವ ಟವಲನ್ನು ಕೆಳಗಿಳಿಸಿದ. ಮೊದಲು ವಡೆ ತಿಂದಿತು. ಅನ್ನ ತಿಂದಿತು. ರವೆ ಉಂಡೆಯನ್ನು ಒಡೆದು ಒಳಗಿನ ದ್ರಾಕ್ಷಿ ಸಮೇತ ತಿಂದಿತು. ಪಾಯಸಕ್ಕೆ ಕೊಕ್ಕು ಅದ್ದಿ ತಲೆ ಮೇಲೆತ್ತಿತು.

ಆಮೇಲೆ ಪಲ್ಯದಿಂದ ಹೀರೆಕಾಯಿಯ ಒಂದು ಹೋಳನ್ನು ಕೊಕ್ಕಿನ ತುದಿಯಲ್ಲಿ ಎತ್ತಿತು, ಅಣ್ಣತಮ್ಮಂದಿರ ಕಡೆ ಕತ್ತು ಓರೆ ಮಾಡಿ ನೋಡಿತು, ಹೋಳನ್ನು ಎಲೆಯಿಂದಾಚೆ ಬರಿ ಸಿಮೆಂಟಿನ ಮೇಲೆ ಮೆಲ್ಲಗೆ ಇಟ್ಟು, ಮತ್ತೆ ಪಾಯಸಕ್ಕೆ ಬಗ್ಗಿತು.